ಮೂಲಕ್ಕೆ ಮರಳುವ ದಾರಿ

ರಾತ್ರಿ ಒಂಬತ್ತು ಹೊಡೆದಿತ್ತು. ಬೆಂಗಳೂರಿನ ಒಂದು ಮನೆಯಲ್ಲಿ ಗೃಹಿಣಿಯೊಬ್ಬಳು, ಬೆಳಗಿನಿಂದ ಫೋನಿನಲ್ಲಿ ತೆರೆದೇ ಇಟ್ಟಿದ್ದ ಅಂಗಡಿಯ ಪುಟದಿಂದ 500 ರೂಪಾಯಿಯ ದಿನಸಿಯನ್ನು ಆರಿಸಿದಳು. ಮನೆಗೆ ಮುಟ್ಟಿಸುವ ಕೂಲಿ 40 ರೂಪಾಯಿ. ಒಟ್ಟು 540 ಎಂದು ಎರಡನೆಯ ತರಗತಿಯ ಮಗುವೂ ಹೇಳೀತು. ಪುಟ ಮಾತ್ರ 50040 ಎಂದಿತು! ಹಣ ಸಲ್ಲಿಸುವ ಭಾಗವು ‘ಇದು ಸಂಖ್ಯೆಯಲ್ಲ’ ಎಂದು ಹಟ ಹಿಡಿದು ನಿಂತಿತು.

ಅದೇ ಊರಿನ ಇನ್ನೊಂದು ಬಡಾವಣೆಯಲ್ಲಿ ಊಟಕ್ಕೆ ಕುಳಿತಿದ್ದ ತರುಣನ ಫೋನು ಗುಣುಗುಟ್ಟಿತು. ಆ ಪುಟವನ್ನು ರಚಿಸಿದವರಲ್ಲಿ ಅವನೂ ಒಬ್ಬ.

“ಸಾರು ಆರಿಹೋಗುತ್ತೆ ಕಣೋ” ಎಂದರು ತಾಯಿ.

“ಬಂದೆ ಅಮ್ಮ, ಐದೇ ನಿಮಿಷ.”

ಆ ಐದು ನಿಮಿಷ ಎರಡು ಗಂಟೆಯಾದದ್ದೇಕೆ ಎಂಬುದೇ ಈ ವಾರದ ಮಾತು.

ಅವನಿಗೆ ಬಂದ ವರದಿಯಲ್ಲಿ ಇದ್ದದ್ದಿಷ್ಟೆ: ತಪ್ಪು, ಮೊದಲನೆಯ ಸಾಲು, 48213ನೆಯ ಅಕ್ಷರ. ಒಂದೇ ಸಾಲಿನಲ್ಲಿ ಅಷ್ಟು ಅಕ್ಷರಗಳೆ ಎಂದು ಓದುಗರು ಹುಬ್ಬೇರಿಸಬಹುದು. ಕಾರಣವಿದೆ. ಬ್ರೌಸರುಗಳಿಗೆ ಬಹುಕಾಲದಿಂದ ತಿಳಿದಿರುವ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಅದರ ಮೊದಲ ರೂಪವನ್ನು ಸಿದ್ಧಪಡಿಸಿದರು. ಪುಟ್ಟ ಪುಟಗಳಿಗೆಂದು ಹುಟ್ಟಿದ ಈ ಭಾಷೆಯ ಹೆಗಲಿಗೆ ಮುಂದೆ ಅಂಗಡಿ, ಬ್ಯಾಂಕುಗಳ ಭಾರವೆಲ್ಲ ಬಿತ್ತು. ಆಗ ಜನರು ತಮಗೆ ಒಗ್ಗುವ ಬೇರೆ ಭಾಷೆಯಲ್ಲಿ ಬರೆದು, ಅದನ್ನು ಜಾವಾಸ್ಕ್ರಿಪ್ಟಿಗೆ ಪರಿವರ್ತಿಸುವ ಉಪಾಯವನ್ನು ಹಿಡಿದರು. 2006ರಲ್ಲಿ ಗೂಗಲ್, ಜಾವಾ ಭಾಷೆಯಿಂದ ಹಾಗೆ ಪರಿವರ್ತಿಸುವ ಸಾಧನವನ್ನು ಹೊರತಂದಿತು. 2009ರಲ್ಲಿ ಕಾಫಿಸ್ಕ್ರಿಪ್ಟ್, 2012ರಲ್ಲಿ ಮೈಕ್ರೋಸಾಫ್ಟಿನ ಟೈಪ್‌ಸ್ಕ್ರಿಪ್ಟ್ ಬಂದವು. ಪರಿವರ್ತನೆಯಾದ ಬರಹವು ಬೇಗ ತಲುಪಲೆಂದು ಅದನ್ನು ಮತ್ತೆ ಹಿಂಡಿ ಕಿರಿದುಗೊಳಿಸುತ್ತಾರೆ: ತೆರಪುಗಳು ಮಾಯವಾಗುತ್ತವೆ, ಸಾಲುಗಳು ಒಂದಾಗುತ್ತವೆ, ‘ಒಟ್ಟುಮೊತ್ತ’ ಎಂಬಂಥ ಹೆಸರು ‘ಟಿ’ ಎಂಬ ಒಂದಕ್ಷರವಾಗುತ್ತದೆ. ಯಂತ್ರಕ್ಕೆ ಅದು ಮೃಷ್ಟಾನ್ನ. ಬರೆದವನಿಗೇ ಅದರ ಗುರುತು ಸಿಗದು.

ಹಳೆಯ ಕಾವ್ಯಗಳನ್ನು ಸಂಪಾದಿಸುವ ವಿದ್ವಾಂಸರು, ಯಾವ ಪಾಠವು ಯಾವ ಓಲೆಯ ಪ್ರತಿಯಿಂದ ಬಂತೆಂಬುದನ್ನು ಪುಟದ ಅಡಿಯಲ್ಲಿ ಗುರುತಿಸುತ್ತಾರೆ. ಸಂಶಯ ಬಂದವನು ಆ ಗುರುತನ್ನು ಹಿಡಿದು ಮೂಲಕ್ಕೆ ಹೋಗಬಹುದು. ಈ ಕ್ಷೇತ್ರದಲ್ಲಿಯೂ ಅಂಥದೊಂದು ಏರ್ಪಾಡು ಉಂಟು; ಅದರ ಹೆಸರು ಸೋರ್ಸ್ ಮ್ಯಾಪ್, ಎಂದರೆ ಮೂಲದ ನಕ್ಷೆ. ಇಂದು ರೂಢಿಯಲ್ಲಿರುವ ಅದರ ಮೂರನೆಯ ಆವೃತ್ತಿಯನ್ನು 2011ರಲ್ಲಿ ಗೂಗಲಿನ ಜಾನ್ ಲೆನ್ಜ್ ಮತ್ತು ಮೊಜಿಲ್ಲಾದ ನಿಕ್ ಫಿಟ್ಜ್‌ಜೆರಾಲ್ಡ್ ರೂಪಿಸಿದರು. 2024ರಲ್ಲಿ ಎಕ್ಮಾ ಸಂಸ್ಥೆಯು 426ನೆಯ ಸಂಖ್ಯೆಯ ಮಾನಕವಾಗಿ ಅದನ್ನು ಅಂಗೀಕರಿಸಿತು.

ನಕ್ಷೆಯ ರಚನೆ ಸ್ವಾರಸ್ಯವಾದದ್ದು. ಪರಿವರ್ತಿತ ಬರಹದ ಒಂದೊಂದು ತುಣುಕಿಗೂ ಅದರ ಸ್ಥಾನ, ಮೂಲದ ಕಡತ, ಮೂಲದ ಸಾಲು, ಆ ಸಾಲಿನೊಳಗಿನ ಸ್ಥಾನ ಎಂಬ ನಾಲ್ಕು ಅಂಕಗಳಿರುತ್ತವೆ. ಅಂಕಗಳನ್ನು ಇಡಿಯಾಗಿ ಬರೆದರೆ ನಕ್ಷೆ ಬೆಟ್ಟದಷ್ಟಾದೀತು. ಆದ್ದರಿಂದ ಹಿಂದಿನ ತುಣುಕಿನಿಂದ ಎಷ್ಟು ಮುಂದೆ, ಎಷ್ಟು ಹಿಂದೆ ಎಂಬ ಅಂತರವನ್ನು ಮಾತ್ರ ಬರೆಯುತ್ತಾರೆ. ಬೆಂಗಳೂರಿನಿಂದ ಇಷ್ಟು ದೂರ ಎನ್ನುವ ಬದಲು ಹಿಂದಿನ ಹಳ್ಳಿಯಿಂದ ಇಷ್ಟು ಎಂದಂತೆ! ಆ ಅಂತರಗಳನ್ನು 64 ಚಿಹ್ನೆಗಳ ಒಂದು ಲಿಪಿಯಲ್ಲಿ ಅಡಕಮಾಡುತ್ತಾರೆ.

ತರುಣನು ನಕ್ಷೆಯನ್ನು ತೆಗೆದು 48213ನೆಯ ಅಕ್ಷರವನ್ನು ಹುಡುಕಿದನು. ಅದು ತೋರಿದ್ದು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಬರೆದ ಸಾಲನ್ನು. ‘ನಿಮ್ಮ ಸಾಲಿನಿಂದ ಗಿರಾಕಿಗೆ ತೊಂದರೆಯಾಗಿದೆ’ ಎಂದು ಅವಳಿಗೆ ಬರೆದು, ಇನ್ನೇನು ಕಳುಹಿಸಬೇಕು, ಅಷ್ಟರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಕರೆ ಬಂತು.

“ಸ್ವಲ್ಪ ತಾಳಿ. ನೀವು ಹಿಡಿದಿರೋದು ಯಾವ ಹೊತ್ತಿನ ನಕ್ಷೆ?”

ತರುಣ ತಡವರಿಸಿದ. ಗೃಹಿಣಿಯ ಫೋನಿನಲ್ಲಿ ಇದ್ದದ್ದು ಬೆಳಗಿನ ಪುಟ. ಅವನ ಕೈಯಲ್ಲಿ ಇದ್ದದ್ದು ಮಧ್ಯಾಹ್ನ ಹೊಸದಾಗಿ ಪರಿವರ್ತಿಸಿದ ಪುಟದ ನಕ್ಷೆ. ಅಕ್ಷರಗಳೆಲ್ಲ ಸ್ಥಳಾಂತರಗೊಂಡಿದ್ದವು. ನಕ್ಷೆಯೇ ಇಲ್ಲದವನು ದಾರಿ ಕೇಳುತ್ತಾನೆ. ತಪ್ಪು ನಕ್ಷೆಯನ್ನು ಹಿಡಿದವನು ಯಾರನ್ನೂ ಕೇಳುವುದಿಲ್ಲ. ಬರೆದದ್ದನ್ನು ಅವನು ಅಳಿಸಿಹಾಕಿದನು.

ಬೆಳಗಿನ ಪುಟವನ್ನೂ ಅದರ ನಕ್ಷೆಯನ್ನೂ ಉಗ್ರಾಣದಿಂದ ತಂದು ಹೊಂದಿಸಿದಾಗ, ಹಣದ ಭಾಗವು ಹಟ ಹಿಡಿದ ಸಾಲು ಮೂಲದ ಭಾಷೆಯಲ್ಲಿಯೇ ಕಣ್ಣಿಗೆ ಬಿತ್ತು. ಆದರೆ ತಪ್ಪು ಕಾಣಿಸಿಕೊಂಡ ಸಾಲೇ ಅದು ಹುಟ್ಟಿದ ಸಾಲಾಗಿರಬೇಕಿಲ್ಲ. ಮೊತ್ತವನ್ನು ಕೂಡುವ ಸಾಲಿಗೆ ಹೋಗಿ, ಅಲ್ಲಿ ‘ನಿಲ್ಲು’ ಎಂಬ ಗುರುತಿಟ್ಟು ಪುಟವನ್ನು ನಡೆಸಿದನು. ಬ್ರೌಸರು ಅಲ್ಲಿಯೇ ನಿಂತು, ಒಳಗಿನ ಬೆಲೆಗಳನ್ನು ತೆರೆದು ತೋರಿಸಿತು. 500 ಸಂಖ್ಯೆಯಾಗಿಯೇ ಇತ್ತು; 40 ಮಾತ್ರ ಉದ್ಧರಣ ಚಿಹ್ನೆಗಳ ನಡುವೆ ಪದವಾಗಿ ಕುಳಿತಿತ್ತು. ಸಂಖ್ಯೆಗೆ ಪದವನ್ನು ಕೂಡಿಸೆಂದರೆ ಜಾವಾಸ್ಕ್ರಿಪ್ಟ್ ಲೆಕ್ಕ ಮಾಡುವುದಿಲ್ಲ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಅಂಟಿಸುತ್ತದೆ.

ಅಂಗಡಿಯ ಸರ್ವರು ಆ ಮಧ್ಯಾಹ್ನದಿಂದ ಕೂಲಿಯನ್ನು ಪದವಾಗಿ ಕಳುಹಿಸತೊಡಗಿತ್ತು. ಹೊಸ ಪುಟಕ್ಕೆ ಅದು ತಿಳಿದಿತ್ತು, ಹಳೆಯದಕ್ಕೆ ತಿಳಿದಿರಲಿಲ್ಲ. ಕಂಪೈಲರು ಎಚ್ಚರಿಸಬಾರದಿತ್ತೆ ಎಂದರೆ, ಅದರ ಪರೀಕ್ಷೆಯೆಲ್ಲ ಪರಿವರ್ತನೆಯ ಹೊತ್ತಿನದು. ‘ಕೂಲಿ ಎಂಬುದು ಸಂಖ್ಯೆ’ ಎಂದು ಬರೆದವನು ಕೊಟ್ಟ ಮಾತನ್ನು ಅದು ನಂಬಿತು. ಪರಿವರ್ತನೆಯಲ್ಲಿ ಆ ಮಾತೂ ಅಳಿಸಿಹೋಯಿತು. ಹೊರಗಿನಿಂದ ಬಂದ ಬೆಲೆಯನ್ನು ತಡೆದು ನೋಡುವವರು ಬಾಗಿಲಲ್ಲಿ ಯಾರೂ ಇರಲಿಲ್ಲ. ಅಂಥ ಮಾತನ್ನು ಕೊಟ್ಟವರು ಯಾರೆಂದು ನೋಡಿದರೆ, ಎಂಟು ತಿಂಗಳ ಹಿಂದಿನ ಆ ಸಾಲಿನ ಪಕ್ಕದಲ್ಲಿ ಇದ್ದದ್ದು ತರುಣನ ಹೆಸರೇ!

ನಕ್ಷೆಯನ್ನು ಎಲ್ಲರಿಗೂ ಸಿಗುವಂತೆ ಇಟ್ಟರೆ ಮೂಲದ ಬರಹವೇ ಪರರ ಕಣ್ಣಿಗೆ ಬಿದ್ದೀತೆಂದು ಅನೇಕ ಕಚೇರಿಗಳು ಅದನ್ನು ಒಳಗೇ ಇಟ್ಟುಕೊಳ್ಳುತ್ತವೆ. ಅದು ತಪ್ಪಲ್ಲ. ಆದರೆ ಪ್ರತಿಯೊಂದು ಪರಿವರ್ತನೆಯ ನಕ್ಷೆಯನ್ನೂ ಅದರದರ ಗುರುತಿನೊಡನೆ ಜೋಪಾನ ಮಾಡದಿದ್ದರೆ, ಇಟ್ಟುಕೊಂಡೂ ಫಲವಿಲ್ಲ.

ಸರ್ವರು ಕೂಲಿಯನ್ನು ಮತ್ತೆ ಸಂಖ್ಯೆಯಾಗಿ ಕಳುಹಿಸುವಂತೆ ಸರಿಪಡಿಸಿ ತರುಣನು ಎದ್ದಾಗ ಗಂಟೆ ಹನ್ನೊಂದು. ತಾಯಿ ಸಾರನ್ನು ಎರಡನೆಯ ಸಲ ಬಿಸಿಮಾಡಿ ತಂದರು.

“ಯಾರ ತಪ್ಪಂತೆ?” ಎಂದು ಕೇಳಿದರು.

“ನನ್ನದೇ ಅಮ್ಮ” ಎಂದನು ಅವನು, ತಟ್ಟೆಯನ್ನು ಎಳೆದುಕೊಳ್ಳುತ್ತ.