ಕಣ್ಣಿಗೂ ಮೂಗಿಗೂ ಸಿಕ್ಕದ ವಿಷ



“ಸಿಂಗಪುರದವರು ಕಕ್ಕಸಿನ ನೀರನ್ನೇ ಸೋಸಿ ಕುಡಿಯುತ್ತೀರಂತಲ್ಲ!” ಊರಿಗೆ ಹೋದಾಗಲೆಲ್ಲ ಈ ಹಾಸ್ಯ ಕೇಳಿ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಇನ್ನು ಸುಮ್ಮನಿರುವುದು ತರವಲ್ಲ.

ಹೌದು, 2003ರಲ್ಲಿ ನಮ್ಮ ಬೆಡೋಕ್‌ನಲ್ಲೂ ಕ್ರಾಂಜಿಯಲ್ಲೂ ನ್ಯೂವಾಟರ್ ಕಾರ್ಖಾನೆಗಳು ಆರಂಭವಾದವು. ಸಂಸ್ಕರಿಸಿದ ಚರಂಡಿ ನೀರು ಅಲ್ಲಿ ಸೂಕ್ಷ್ಮ ಜರಡಿ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಕಿರಣ ಎಂಬ ಮೂರು ಘಟ್ಟ ದಾಟುತ್ತದೆ. ಅದಕ್ಕಿಂತ ನಮಗೆ ಧೈರ್ಯ ಕೊಡುವುದು ಇಲ್ಲಿಯ ಕಾವಲು. ಜಲಮಂಡಳಿ ಪಿಯುಬಿ ಒಳಚರಂಡಿಯೊಳಗೇ ಸೆನ್ಸರ್ ಇಟ್ಟು, ಕಳ್ಳತನದಲ್ಲಿ ರಾಸಾಯನಿಕ ಸುರಿಯುವವರ ಜಾಡು ಹಿಡಿಯುತ್ತದೆ. ಕುಡಿಯುವ ನೀರಿನ ತೊಟ್ಟಿಯಲ್ಲಿ ಮೀನು ಬಿಟ್ಟು ಕ್ಯಾಮೆರಾದಲ್ಲಿ ನೋಡುತ್ತದೆ. ಮೀನಿನ ಓಡಾಟ ನಿಂತರೆ ಎಚ್ಚರಿಕೆಯ ಗಂಟೆ.

ಇನ್ನು ನಮ್ಮ ಕೋಲಾರ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಕೆರೆಗಳಿಗೆ ತುಂಬುವ ಯೋಜನೆ 2018ರಲ್ಲಿ ಶುರುವಾಯಿತು. ಅದೇ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟು ತಡೆ ಕೊಟ್ಟಿತು. ಮುಂದೆ ನೀರು ಮತ್ತೆ ಹರಿಯಿತು. ಬತ್ತಿದ ಕೆರೆ ತುಂಬಿದ ರೈತರ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕೆರೆಯ ನೀರೇ ಇಂಗಿ ಬೋರ್‌ವೆಲ್ ಸೇರುತ್ತದೆ, ಬೋರ್‌ವೆಲ್ಲಿನ ನೀರನ್ನು ಜನ ಕುಡಿಯುತ್ತಾರೆ. ಎರಡನೇ ಹಂತದ ಸಂಸ್ಕರಣೆ ಕೊಳೆಯುವ ಕಶ್ಮಲ ಕಳೆಯಲು ಇರುವುದು. ಭಾರಲೋಹ ಕಳೆಯಲು ಅಲ್ಲ.

ವೈದ್ಯರಾಗಿ ಹೇಳುತ್ತೇವೆ: ನೊರೆ ಕಣ್ಣಿಗೆ ಕಾಣುತ್ತದೆ, ನಾತ ಮೂಗಿಗೆ ತಿಳಿಯುತ್ತದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಎರಡಕ್ಕೂ ಸಿಕ್ಕುವುದಿಲ್ಲ. ಕುದಿಸಿದರೆ ಕಾಲರಾ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಆರಿದಷ್ಟೂ ಅದು ಸಾಂದ್ರವಾಗುತ್ತದೆ. ಮೂತ್ರಪಿಂಡ ಕೆಟ್ಟ ಮೇಲೆ ರಕ್ತಪರೀಕ್ಷೆ ಮಾಡಿಸುವುದು, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಾವು ಮಾಡಿದ್ದೇನು? ಅಪ್ಪ ಅಮ್ಮನ ಅಡಿಗೆಮನೆಗೆ ಒಂದು ಫಿಲ್ಟರ್ ಕೊಡಿಸಿ ಕೈತೊಳೆದುಕೊಂಡೆವು. ಪಕ್ಕದ ಬೀದಿಯ ಮಗುವಿಗೆ, ಕೆರೆಗೆ ಬಾಯಿ ಹಾಕುವ ದನಕ್ಕೆ ಯಾರು ಫಿಲ್ಟರ್ ಕೊಡಿಸಬೇಕು? ವಿಷವನ್ನು ಕಾರ್ಖಾನೆಯ ಮೋರಿಯ ಬಾಯಲ್ಲೇ ಹಿಡಿಯಬೇಕು. ಕೆರೆ ಮತ್ತು ಬೋರ್‌ವೆಲ್ ನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ಪಂಚಾಯಿತಿಯ ಬೋರ್ಡಿನ ಮೇಲೆ, ತಪ್ಪದೆ ಬರಬೇಕು.

ಈ ರಜೆಯಲ್ಲಿ ಊರಿಗೆ ಹೊರಟವರು ಚಾಕೊಲೇಟಿನ ಜೊತೆ ಒಂದು ಪ್ರಶ್ನೆಯನ್ನೂ ಒಯ್ಯಿರಿ: “ನಮ್ಮೂರ ನೀರಿನ ಭಾರಲೋಹದ ರಿಪೋರ್ಟು ಎಲ್ಲಿ?” ಉತ್ತರ ಬರುವವರೆಗೆ ಅಣ್ಣತಮ್ಮಂದಿರ ಕೈಯಲ್ಲಿ ಅರ್ಜಿ ಹಾಕಿಸಿರಿ.

ಕೊಳಚೆ ನೀರನ್ನು ತೊಳೆದು ಬಳಸುವುದು ನಾಚಿಕೆಯ ವಿಷಯವಲ್ಲ. ಕಾವಲಿಲ್ಲದೆ ಅದನ್ನು ಬಡವರ ಬಾವಿಗೆ ಬಿಡುವುದು ನಾಚಿಕೆ.

— ಬೆಡೋಕ್‌ನ ವೈದ್ಯ ಸದಸ್ಯರೊಬ್ಬರು