ಸ್ಟೇಬಲ್ ಅಂದ್ರ ಕೆಡಂಗೇ ಇಲ್ಲೇನ್ರೀ?

ದುರ್ಗದಬೈಲು ಪೇಟೆಯ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರಿಗೆ ಡೆಬಿಯನ್ ಎಂಬ ಲಿನಕ್ಸಿನ ಸ್ಟೇಬಲ್ ಆವೃತ್ತಿ ಹಾಕಿಸಿಕೊಳ್ಳಿ ಎಂದು ಹೇಳುತ್ತ ಬಂದದ್ದಕ್ಕೆ ಅಂಗಡಿಯವರು, ಲಿನಕ್ಸ್ ಹಾಕಿಕೊಡುವ ಹುಡುಗರು, ಎರಡೂ ಕಡೆಯವರಿಂದ ಬೈಸಿಕೊಂಡಿದ್ದೇನೆ. (ಟ್ಯಾಲಿ ಬೇಕೇ ಬೇಕು ಎನ್ನುವವರ ಮಾತು ಬಿಡಿ, ಅದು ವಿಂಡೋಸಿನ ಸರಕು.)

"ಸ್ಟೇಬಲ್ ಅಂತೀರಿ, 2023ರ ಡಿಸೆಂಬರ್‌ನಾಗ ಡೇಟಾನ ಕೆಡಸೂದಿತ್ತಲ್ರೀ?" ನಿಜ, ಇದು ಗಟ್ಟಿ ಏಟೇ. ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಒಂದು ತಿದ್ದುಪಡಿಯನ್ನು ಹೊಸ ಕರ್ನೆಲ್‌ನಿಂದ ಹಳೆಯ 6.1.64ಕ್ಕೆ ತಂದರು, ಅದರ ಜೊತೆ ಬರಬೇಕಿದ್ದ ಇನ್ನೊಂದು ಬದಲಾವಣೆ ಬರಲಿಲ್ಲ. ಡೇಟಾ ಕೆಡುವ ಅಪಾಯ ಹುಟ್ಟಿತು. ಮುಂದಿನದನ್ನೂ ಹೇಳಬೇಕಲ್ಲ? ಡೆಬಿಯನ್‌ನವರು 12.3 ಆವೃತ್ತಿಯ ಬಿಡುಗಡೆ ತಡೆದರು, ಸದ್ಯಕ್ಕೆ ಅಪ್‌ಡೇಟ್ ಮಾಡಬೇಡಿ ಎಂದು ಸಾರಿದರು, ಡಿಸೆಂಬರ್ 10ರಂದು ಸರಿಪಡಿಸಿದ ಕರ್ನೆಲ್ ಹಾಕಿ 12.4 ಕೊಟ್ಟರು. ತಪ್ಪೇ ಆಗದು ಎಂದು ಅವರೂ ಹೇಳಿಲ್ಲ, ನಾನೂ ಹೇಳಿಲ್ಲ. ನಿನ್ನೆ ನಡೆದ ಬಿಲ್ಲಿಂಗ್ ಇವತ್ತೂ ಹಾಗೇ ನಡೆಯಲಿ ಎಂಬಷ್ಟೇ ನನ್ನ ಬೇಡಿಕೆ. ದೀಪಾವಳಿ ಹೊತ್ತಿಗೆ ಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೌಂಟರ್ ಮುಂದೆ ಮಂದಿ ಸೀರೆ ಹಿಡಿದು ನಿಂತಿರುವಾಗ, ರಾತ್ರಿ ಆದ ಅಪ್‌ಡೇಟಿನಿಂದ ಥರ್ಮಲ್ ಪ್ರಿಂಟರ್ ಖಾಲಿ ಚೀಟಿ ಉಗುಳಿದರೆ, ಮಾಲೀಕರಿಗೆ ಹೊಸ ಸೌಲಭ್ಯಗಳ ಪಟ್ಟಿ ತೋರಿಸಿ ಸಮಾಧಾನ ಮಾಡಲಾಗದು.

"ಪುಕ್ಕಟೆ ಕೊಟ್ಟದ್ದಕ್ಕ ಏನ್ ತಕರಾರು?" ಇದು ಲಿನಕ್ಸ್ ಹಾಕಿಕೊಡುವ ಹುಡುಗರದೇ ಮಾತು. ನನಗೆ ಹೆಚ್ಚು ಸಿಟ್ಟು ಬಂದದ್ದೂ ಇದಕ್ಕೇ. ಲೈಸೆನ್ಸಿನಲ್ಲಿ ಖಾತರಿ ಇಲ್ಲ ಎಂದು ಬರೆದಿದೆ, ಒಪ್ಪಿದೆ. ರೊಕ್ಕ ಕೊಟ್ಟು ತಂದ ವಿಂಡೋಸಿನ ಲೈಸೆನ್ಸ್ ಓದಿ ನೋಡಿ, ಕಂಪನಿ ತನ್ನ ಹೊಣೆಯನ್ನು ಎಷ್ಟು ಕಿರಿದು ಮಾಡಿಕೊಂಡಿದೆ ಎಂದು ತಿಳಿಯುತ್ತದೆ. ಕೋರ್ಟಿನ ಹೊಣೆ ಬೇರೆ, ಕೊಟ್ಟ ಮಾತು ಬೇರೆ. ದೋಷಗಳನ್ನು ಮುಚ್ಚಿಡುವುದಿಲ್ಲ, ಬಳಕೆದಾರರ ಅಗತ್ಯಕ್ಕೆ ಆದ್ಯತೆ ಕೊಡುತ್ತೇವೆ ಎಂದು 1997ರ ತಮ್ಮ ಸಾಮಾಜಿಕ ಒಪ್ಪಂದದಲ್ಲಿ ಡೆಬಿಯನ್‌ನವರೇ ಬರೆದುಕೊಂಡಿದ್ದಾರೆ. ಆ ಮಾತನ್ನು ನೆನಪಿಸಿದರೆ ತಕರಾರು ಹೇಗಾದೀತು? ಬೈಯುವ ಬದಲು ಯಾವ ಆವೃತ್ತಿಯಲ್ಲಿ, ಏನು ಮಾಡಿದಾಗ ಕೆಟ್ಟಿತು ಎಂದು ದೋಷವರದಿ ಬರೆಯಬೇಕು, ಅಷ್ಟೇ.

"ಹಳೇ ಸರಕು, ಸುರಕ್ಷಿತ ಅಲ್ಲ." ಭದ್ರತೆಯ ತಿದ್ದುಪಡಿಗಳು ಸ್ಟೇಬಲ್‌ಗೂ ಬರುತ್ತವೆ. ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ ಪ್ರಕರಣವನ್ನೇ ನೋಡಿ. ಎಸ್‌ಎಸ್‌ಎಚ್ ಲಾಗಿನ್ ಅರೆ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರೊಯಿಂಡ್ ಎಂಬ ತಂತ್ರಜ್ಞರು ಬೆನ್ನು ಹತ್ತಿದ್ದರಿಂದ ಅದರ 5.6.0 ಮತ್ತು 5.6.1ರಲ್ಲಿ ಅಡಗಿಸಿಟ್ಟಿದ್ದ ಹಿಂಬಾಗಿಲು 2024ರ ಮಾರ್ಚ್ 29ರಂದು ಬಯಲಾಯಿತು. ಡೆಬಿಯನ್‌ನ ಟೆಸ್ಟಿಂಗ್, ಅನ್‌ಸ್ಟೇಬಲ್ ಶಾಖೆಗಳಿಗೆ ಅದು ಆಗಲೇ ಹೊಕ್ಕಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ. ಹೊಸದನ್ನು ಮೊದಲು ಬೇರೆಯವರು ಬಳಸಿ ನೋಡಲಿ ಎಂದು ಕಾಯುವುದಕ್ಕೂ ಬೆಲೆಯಿದೆ.

ಇನ್ನು ಫ್ರೀಬಿಎಸ್‌ಡಿ ಎಂಬ ಬೇರೆಯೇ ಕಾರ್ಯಾಚರಣಾ ವ್ಯವಸ್ಥೆಯ ಸ್ಟೇಬಲ್ ಕೈಕೊಟ್ಟಿತೆಂದು ವಾದಿಸುವವರು. ಅದು ಅಭಿವೃದ್ಧಿಯ ಶಾಖೆ ಎಂದು ಅವರ ಕೈಪಿಡಿಯೇ ಹೇಳುತ್ತದೆ. ದಿನದ ವಹಿವಾಟಿಗೆ ಅಲ್ಲಿ ರಿಲೀಸ್ ಇದೆ. ಅಲ್ಲಿನ ಸ್ಟೇಬಲ್ಲನ್ನು ಬೈಲಿನ ಯಾವ ಗಲ್ಲಾದ ಮೇಲೂ ಕೂರಿಸಿ ಎಂದು ನಾನು ಹೇಳಿಲ್ಲ.