ನಿಮ್ಮ ಸೆಲ್ಲಾರ್ ನೀರಿಗೆ ಇಳಿಯೋದು ನಮ್ಮ ಹುಡುಗನೇ ಯಾಕ್ರಿ?



ನಮ್ಮ ಹಿರೇಕೊಟ್ನೆಕಲ್ ಕೇರ್ಯಾಗ ಯಾರ ಮನೀಗೂ ಸೆಲ್ಲಾರ್ ಇಲ್ಲ. ಆದರೆ ಬೆಂಗಳೂರಿನ ಸೆಲ್ಲಾರ್‌ಗಳ ಕಥೆ ನಮಗೆ ಚಲೋ ಗೊತ್ತೈತಿ. ಗುಳೆ ಹೋದ ನಮ್ಮ ಮಂದಿ ವಾಚ್‌ಮನ್ ಆಗಿ, ಹೆಂಡತಿ ಮಕ್ಕಳ ಜೊತೆ ಬದುಕೋದು ಅಲ್ಲೇ, ಕಾರುಗಳ ಪಕ್ಕದ ಒಂದು ಕೋಣೆಯೊಳಗ.

ಹೋದ ಮಳೆಗಾಲ ರಾತ್ರಿ ಎರಡು ಗಂಟೆಗೆ ನಮ್ಮ ಕೇರಿ ಹುಡುಗ ಫೋನ್ ಮಾಡಿದ. "ಅಣ್ಣಾ, ಸೆಲ್ಲಾರ್‌ನ್ಯಾಗ ಸೊಂಟದ ಮಟ ನೀರು ನಿಂತೈತಿ. ಇಳಿದು ಮೋಟಾರ್ ಹಚ್ಚು ಅಂತಾರ." ಕರೆಂಟ್ ತೆಗೆದಾರೇನಪಾ ಅಂದೆ. "ಇಲ್ಲಣ್ಣಾ, ಇನ್ನೂ ಐತಿ." ಇಳೀಬ್ಯಾಡ ಅಂದೆ. ಇಳೀಲಿಲ್ಲ. ಬೆಳಿಗ್ಗೆ ಕೆಲಸ ಹೋತು. ನಿನ್ನಿಂದ ಕಾರು ಹಾಳಾತು ಅಂತ ಬೈದರಂತ. ಕಾರಿಗೆ ವಿಮೆ ಇತ್ತು. ನಮ್ಮ ಹುಡುಗನಿಗೆ ಇರಲಿಲ್ಲ.

ಅವನು ಸುಮ್ಮನೆ ಹೆದರಿದನೇ? 2025ರ ಮೇ 19ರಂದು ಬಿಟಿಎಂ ಲೇಔಟ್ ಕಡೆಯ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟಿನ ಮಳೆನೀರು ಹೊರಹಾಕಲು ಮೋಟಾರ್ ಹಚ್ಚುವಾಗ ಕರೆಂಟ್ ಹೊಡೆದು ಅಲ್ಲಿನ ನಿವಾಸಿಯೊಬ್ಬರು ತೀರಿಕೊಂಡರು. ಜೊತೆಗೆ 12 ವರ್ಷದ ಹುಡುಗನೂ ಸತ್ತ. ಅಲ್ಲೇ ಕೆಲಸಕ್ಕಿದ್ದ ನೇಪಾಳಿ ಕೆಲಸಗಾರನ ಮಗ. ಕರೆಂಟಿಗೆ ಮಾಲೀಕ, ಆಳು ಅಂತ ಭೇದ ಇಲ್ಲ. ಆದರೆ ನೀರಿಗೆ ಯಾರನ್ನ ಮೊದಲು ಇಳಿಸಬೇಕು ಅನ್ನೋದು ಮಾತ್ರ ಎಲ್ಲರಿಗೂ ಗೊತ್ತೈತಿ. ಜಾತಿ ಕೂತಿರೋದು ಅಲ್ಲೇ.

ಮಾಲೀಕರೇ, ಕೇಳ್ರಿ. ನೀರು ಬಂದಾಗ ಮೊದಲು ಸೆಲ್ಲಾರ್‌ನಾಗ ಮಲಗಿರೋ ಕುಟುಂಬವನ್ನ ಮೇಲಕ್ಕೆ ಕರೀರಿ, ಆಮೇಲೆ ಕಾರು. ಮೇನ್ ಸ್ವಿಚ್ ಮೇಲೆ ಒಣ ಜಾಗದಲ್ಲಿದ್ರೆ ಆರಿಸ್ರಿ. ಬೋರ್ಡೇ ನೀರಾಗಿದ್ರೆ ಮುಟ್ಟಬ್ಯಾಡ್ರಿ, 1912ಕ್ಕೆ ಫೋನ್ ಮಾಡಿ ಹೊರಗಿನಿಂದಲೇ ಲೈನ್ ತೆಗೆಸ್ರಿ. ಲಿಫ್ಟ್ ಬಳಸಬ್ಯಾಡ್ರಿ. ಕರೆಂಟ್ ಹೋಗೈತಿ ಅಂತ ಖಾತ್ರಿ ಆಗೋ ತನಕ ಯಾರೂ ಇಳೀಬಾರದು. ಡೀಸೆಲ್ ಪಂಪನ್ನ ಹೊರಗಿಟ್ಟು ಪೈಪ್ ಮಾತ್ರ ಒಳಗೆ ಬಿಡ್ರಿ, ಅದರ ಹೊಗೆ ಮುಚ್ಚಿದ ಜಾಗದಾಗ ಜೀವ ತೆಗೀತೈತಿ. ನೀರನ್ನ ಒಮ್ಮೆಲೇ ಖಾಲಿ ಮಾಡಬ್ಯಾಡ್ರಿ. ಸುತ್ತಲಿನ ಮಣ್ಣು ನೀರು ಕುಡಿದು ಭಾರ ಆಗಿರತೈತಿ, ಗೋಡೆ ಒಳಕ್ಕೆ ಕುಸೀಬಹುದು.

ನೀರು ಇಳಿದ ಮೇಲೆ ಇನ್ನೊಂದು ಆಟ ಶುರು. ಕೆಳಗಿನ ಒಳಚರಂಡಿ ಗುಂಡಿ, ಎಸ್‌ಟಿಪಿ ಟ್ಯಾಂಕ್ ಕೆಸರು ತುಂಬಿರತೈತಿ. "ಐನೂರು ಹೆಚ್ಚಿಗೆ ಕೊಡ್ತೀವಿ, ಇಳಿ" ಅಂತಾರ. 2013ರ ಮ್ಯಾನ್ಯುವಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆ ಪ್ರಕಾರ, ರಕ್ಷಣಾ ಸಲಕರಣೆ ಇಲ್ಲದೆ ಮಲಗುಂಡಿಗೋ ಒಳಚರಂಡಿಗೋ ಮನುಷ್ಯನನ್ನ ಇಳಿಸಿದ್ರೆ ಮೊದಲ ಸಲವೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಜಾಮೀನುರಹಿತ ಅಪರಾಧ. ಗುತ್ತಿಗೆದಾರ ಇಳಿಸಿದ, ನಮಗೆ ಗೊತ್ತಿಲ್ಲ ಅಂದ್ರೆ ನಡೆಯಲ್ಲ. ನೇರವಾಗಿ ಆಗಲಿ, ಇನ್ನೊಬ್ಬರ ಮೂಲಕ ಆಗಲಿ ಅಂತಲೇ ಕಾಯ್ದೆ ಹೇಳತೈತಿ. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟು ಒಳಚರಂಡಿ ಸಾವಿನ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ನಮಗೆ ಆ ರೊಕ್ಕ ಬ್ಯಾಡ, ಮಕ್ಕಳು ಬೇಕು. ಮಷೀನ್ ಕರೆಸ್ರಿ.

ಹಿಂದಕ ನಮ್ಮ ಕಡೆ ಜೋಳ ತುಂಬಿಡೋ ಹಗೇವು ಇದ್ವು. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ರೆ ಮಾತ್ರ ಮನುಷ್ಯ ಇಳೀತಿದ್ದ. (ಇವತ್ತಿನ ಮಲಗುಂಡಿಗೆ ದೀಪ ಬಿಡಬ್ಯಾಡ್ರಿ, ಅಲ್ಲಿನ ಗ್ಯಾಸಿಗೆ ಬೆಂಕಿ ಹತ್ತತೈತಿ.) ಓದು ಬರದ ನಮ್ಮ ಮುತ್ಯಾಗಳಿಗೆ ಕೆಳಗಿನ ಗಾಳಿಯನ್ನ ನಂಬಬಾರದು ಅಂತ ಗೊತ್ತಿತ್ತು. ಇಂಜಿನಿಯರುಗಳೇ ತುಂಬಿರೋ ಅಪಾರ್ಟ್‌ಮೆಂಟಿಗೆ ಗೊತ್ತಿಲ್ಲಾಂದ್ರೆ ನಾವು ನಂಬಬೇಕಾ?

ಬೆಂಗಳೂರಲ್ಲಿರೋ ನಮ್ಮ ಹುಡುಗರೇ, ಇಳಿ ಅಂದ್ರೆ "ಕರೆಂಟ್ ತೆಗೆದೀರೇನ್ರಿ? ಮಷೀನ್ ಎಲ್ಲೈತ್ರಿ?" ಅಂತ ಕೇಳ್ರಿ. ಕೆಲಸ ಹೋದ್ರೆ ಹೋಗಲಿ, ಫೋನ್ ಮಾಡ್ರಿ, ನಾವು ಅದೀವಿ. ಓದಿದವರು ಇದನ್ನ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೂ ಹಾಕ್ರಿ.

ಆ ಹುಡುಗ ಈಗ ಊರಾಗ ಅದಾನ. ಕೆಲಸ ಇಲ್ಲ. ಜೀವ ಐತಿ.

ಜೈ ಭೀಮ್.